ಬಿಸಿಲೆ ದೊಡ್ಡಮ್ಮನೂ ಬಿಟ್ಟಿ ಆಂಟಿವೈರಸ್ಸೂ

ಹೋದ ವಾರ ನನ್ನ ಲ್ಯಾಪ್‌ಟಾಪು ನನ್ನನ್ನೇ ಹೆದರಿಸಿತು.

ಕಾಫಿ ಲೋಟ ಪಕ್ಕಕ್ಕಿಟ್ಟುಕೊಂಡು ಇದೇ ಅಂಕಣ ಬರೆಯಲು ಕೂತಿದ್ದೆ. ಪರದೆಯ ಮೂಲೆಯಲ್ಲಿ ಕೆಂಪು ಡಬ್ಬಿಯೊಂದು ಎದ್ದು ನಿಂತಿತು. ‘ನಿಮ್ಮ ಕಂಪ್ಯೂಟರ್ ಅಪಾಯದಲ್ಲಿದೆ, ರಕ್ಷಣೆಯ ಅವಧಿ ಮುಗಿದಿದೆ, ಈಗಲೇ ಕೊಳ್ಳಿ’ ಅಂತ ಇಂಗ್ಲಿಷಿನಲ್ಲಿ ಗದರಿಕೆ. ಮುಚ್ಚಿದೆ. ಸ್ವಲ್ಪ ಹೊತ್ತಿಗೆ ಮತ್ತೆ ಬಂತು.

ನೀವೇ ಹೇಳಿ, ಹೈವೇಯಲ್ಲಿ ಹೋಗುವಾಗ ಯಾರೋ ಅಪರಿಚಿತ ಅಡ್ಡ ಬಂದು ‘ಸಾರ್, ನಿಮ್ ಗಾಡಿ ಹಿಂದಿನ್ ಟೈರು ಅಲ್ಲಾಡ್ತೈತೆ, ನಿಲ್ಸಿ’ ಅಂದರೆ ನಿಲ್ಲಿಸುತ್ತೀರಾ? ನಾನಂತೂ ನಿಲ್ಲಿಸುವ ಗಿರಾಕಿಯಲ್ಲ. ಟೈರು ಕಳಚಿಕೊಳ್ಳುವ ಹಾಗಿದ್ದರೂ ಬಾಳ್ಳುಪೇಟೆಯ ಅಂಗಡಿ ಸಾಲು ತಲುಪಿದ ಮೇಲೆಯೇ ಇಳಿದು ನೋಡುತ್ತೇನೆ.

ಹಾಸನದಲ್ಲಿ ಈ ಲ್ಯಾಪ್‌ಟಾಪು ಕೊಂಡಾಗ (ಅಂಗಡಿಯಲ್ಲಿದ್ದುದರಲ್ಲಿ ಇದೇ ಅಗ್ಗದ್ದು) ಅಂಗಡಿಯವನು ‘ಒಳಗಡೆ ಆಂಟಿವೈರಸ್ ಫ್ರೀ ಸಾರ್’ ಅಂದಿದ್ದ. ಫ್ರೀ ಎನ್ನುವುದು ಮೂರು ತಿಂಗಳಿಗೆ ಮಾತ್ರ ಅಂತ ಹೇಳಿರಲಿಲ್ಲ. ಮೂರು ತಿಂಗಳು ಮನೆ ಕಾದು, ನಾಲ್ಕನೇ ತಿಂಗಳು ‘ಕಳ್ಳ ಬರ್ತಾನೆ ನೋಡ್ಕೊ’ ಅಂತ ಹೆದರಿಸುವ ಕಾವಲುಗಾರನನ್ನು ನೀವು ಏನಂತ ಕರೆಯುತ್ತೀರಿ?

ಆದರೂ ಅಪಾಯ ಅಂದ ಕೂಡಲೇ ಎದೆ ಧಸಕ್ಕೆಂದಿದ್ದು ನಿಜ. ಕಾರಣ ನನ್ನ ಬರಹಗಳಲ್ಲ. ಅವು ಹೋದರೆ ಓದುಗರು ನಿಟ್ಟುಸಿರು ಬಿಟ್ಟಾರು. ಆ ಲ್ಯಾಪ್‌ಟಾಪಿನೊಳಗೆ ನನ್ನ ಹೆಂಡತಿ ಜಯಂತಿಯ ದೊಡ್ಡಮ್ಮ ಇದ್ದಳು.

ಜಯಂತಿಗೆ ತಾಯಿಯ ನೆನಪಿಲ್ಲ. ಬಿಸಿಲೆ ಊರಿನ ದೊಡ್ಡಮ್ಮನೇ ಎತ್ತಿ ಆಡಿಸಿ, ಬೈದು ಬೆಳೆಸಿದವಳು. ಕೊನೆಯ ವರ್ಷ ಮುದುಕಿ ಹಾಸಿಗೆ ಹಿಡಿದಾಗ ಜಯಂತಿ ಮೊಬೈಲಿನಲ್ಲಿ ಅವಳ ಮಾತು ರೆಕಾರ್ಡ್ ಮಾಡಿಕೊಂಡಳು. ‘ಒಂದು ಸೋಬಾನೆ ಪದ ಹೇಳು’ ಅಂತ ಇವಳು ಕೇಳಿದರೆ ಅವಳು ಬೈಗುಳ ಹೇಳುತ್ತಿದ್ದಳು. ಕೋಳಿಗೆ, ನೆಂಟರಿಗೆ, ಬಸ್ಸಿನ ಕಂಡಕ್ಟರಿಗೆ, ಎಲ್ಲರಿಗೂ ಒಂದೊಂದು ಪಾಲು. ಈ ಮಳೆಗಾಲದಲ್ಲಿ ಹೋಗಿಬಿಟ್ಟಳು. ಮೊಬೈಲು ತುಂಬಿತ್ತು ಅಂತ ಅಷ್ಟನ್ನೂ ಲ್ಯಾಪ್‌ಟಾಪಿಗೆ ಹಾಕಿ ‘ದೊಡ್ಡಮ್ಮ’ ಅಂತ ಹೆಸರಿಟ್ಟು, ಮೊಬೈಲಿನಿಂದ ಅಳಿಸಿಯಾಗಿತ್ತು. ಮಧ್ಯಾಹ್ನ ಊಟದ ಪಾತ್ರೆ ತೊಳೆದಿಟ್ಟು ಜಯಂತಿ ಅದನ್ನು ತೆರೆದು ಕೂರುತ್ತಾಳೆ. ಒಬ್ಬಳೇ ನಗುತ್ತಾಳೆ. ಜಗತ್ತಿನಲ್ಲಿ ದೊಡ್ಡಮ್ಮ ಉಳಿದಿರುವುದು ಅಲ್ಲಿ ಮಾತ್ರ.

ಹಾಗಾಗಿ ಆಂಟಿವೈರಸ್ ಹುಡುಕಿಕೊಂಡು ಹೊರಟೆ.

ಸಕಲೇಶಪುರದಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿರುವ ಸಲೀಂ, ಒಂದು ಹಳದಿ ಪೆಟ್ಟಿಗೆ ತೆಗೆದು ಮುಂದಿಟ್ಟ. ಒಳಗೊಂದು ಸಿ.ಡಿ.

‘ಇದ್ನ ಹಾಕ್ಕಳಿ ಸಾರ್, ಒಂದ್ ವರ್ಷ ತಲೆನೋವಿಲ್ಲ.’

‘ವರ್ಷ ಆದ್ಮೇಲೆ?’

‘ಮತ್ತೆ ಹಾಕ್ಬೇಕು.’

‘ಹಂಗಾರೆ ಇದು ವೈರಸ್ ಸಾಯ್ಸಲ್ವಾ?’

‘ಸಾಯ್ಸ್ತೈತೆ ಸಾರ್. ಹೊಸಾವು ಬರ್ತಾ ಇರ್ತಾವಲ್ಲ.’

‘ಹೊಸಾವ್ನ ಯಾರ್ ಬಿಡ್ತಾರಪ್ಪಾ?’

ಸಲೀಂ ನಕ್ಕ. ಆ ನಗುವೇ ನನಗೆ ಸರಿಬರಲಿಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅಂತಾರಲ್ಲ, ಆ ಗಾದೆಯ ಮೇಲೇ ಯಾರೋ ಕಂಪನಿ ಕಟ್ಟಿ ಕೂತಿದ್ದಾರೆ! ಪೆಟ್ಟಿಗೆಯನ್ನು ತಿರುವಿ ಮುರುವಿ ನೋಡಿ ಅಲ್ಲೇ ಇಟ್ಟು ಬಂದೆ.

ಪಕ್ಕದ ತೋಟದ ಮಂಜಣ್ಣನದು ಬೇರೆಯದೇ ಸಿದ್ಧಾಂತ. ‘ಒಂದ್ನ ನಂಬ್ಬ್ಯಾಡ ಮಾರಾಯ, ಎಲ್ಡ್ ಹಾಕ್ಬುಡು. ಒಂದು ನಿದ್ದೆ ಮಾಡಿದ್ರೆ ಇನ್ನೊಂದು ಕಾಯ್ತದೆ’ ಅಂದ. ಎಷ್ಟು ಸರಿಯಾಗಿದೆ ಅನ್ನಿಸಿತು. ಅವನ ಕಂಪ್ಯೂಟರ್ ನೋಡಲು ಹೋದರೆ ಅದು ಶುರುವಾಗುವಷ್ಟರಲ್ಲಿ ನಾವು ಎರಡು ಸಲ ಕಾಫಿ ಕುಡಿದೆವು. ಒಳಗಿದ್ದ ಎರಡೂ ಆಂಟಿವೈರಸ್ಸುಗಳು ಒಂದನ್ನೊಂದು ಕಳ್ಳ ಅಂತ ಹಿಡಿದುಕೊಂಡಿದ್ದವು.

ಕೊನೆಗೆ ಬಾಳ್ಳುಪೇಟೆಯ ಸೈಬರ್ ಸೆಂಟರ್. ನಾನು ವಾರ ವಾರ ಈ ಅಂಕಣವನ್ನು ಪೆನ್‌ಡ್ರೈವಿನಲ್ಲಿ ಹಾಕಿಕೊಂಡು ಹೋಗಿ ಪತ್ರಿಕೆಗೆ ಮೇಲ್ ಮಾಡುವುದು ಅಲ್ಲಿಂದಲೇ. ಅದನ್ನು ನಡೆಸುವವನು ‘ದುಡ್ಯಾಕೆ ಸಾರ್, ಫ್ರೀದು ಐತೆ’ ಅಂತ ನನ್ನ ಪೆನ್‌ಡ್ರೈವಿಗೇ ಒಂದನ್ನು ಹಾಕಿಕೊಟ್ಟ. ಫ್ರೀ ಅಂದರೆ ಅನುಮಾನ ಬರಬೇಕಾದದ್ದು ಧರ್ಮ. ಬಂತು ಕೂಡ. ಆದರೆ ಪುಕ್ಕಟೆ ಸಿಕ್ಕರೆ ನನಗೊಂದು ನಮ್ಮಪ್ಪನಿಗೊಂದು ಎನ್ನುವ ಜಾತಿಯವರು ನಾವು. ಅನುಮಾನಕ್ಕೂ ಜಿಪುಣತನಕ್ಕೂ ಕುಸ್ತಿ ನಡೆದು ಜಿಪುಣತನ ಗೆದ್ದಿತು.

ಮನೆಗೆ ಬಂದು ಹಳೆಯದನ್ನು ಕಿತ್ತು ಹೊಸದನ್ನು ಕೂರಿಸಿದೆ. ಅದು ಸರಸರ ಎಲ್ಲವನ್ನೂ ಮೂಸುತ್ತಾ ಹೋಗಿ, ಒಂದು ಕಡೆ ಗಕ್ಕನೆ ನಿಂತಿತು. ಕೆಂಪು ಅಕ್ಷರ. ರೋಗ ಸಿಕ್ಕಿದೆಯಂತೆ! ಎಲ್ಲಿ? ‘ದೊಡ್ಡಮ್ಮ’ ಅನ್ನುವ ಹೆಸರಿನ ಮೇಲೆ. ಏನು ಮಾಡಲಿ, ಅಳಿಸಲೋ, ಬೇರೆ ಇಡಲೋ, ಬಿಡಲೋ ಅಂತ ನನ್ನನ್ನೇ ಕೇಳಿತು.

ಇಲ್ಲಿ ನಮ್ಮ ಕಡೆಯವರ ಬುದ್ಧಿಯೊಂದನ್ನು ಹೇಳಬೇಕು. ಅರೇಬಿಕಾ ಕಾಫಿ ಗಿಡಕ್ಕೆ ಬೋರರ್ ಅನ್ನುವ ಹುಳ ಬೀಳುತ್ತದೆ. ಕಾಂಡ ಕೊರೆದು ಒಳಗೇ ಕೂರುತ್ತದೆ. ಎಲೆ ಹಳದಿಯಾಗಿ ಕಾಂಡದ ಮೇಲೆ ಏಣು ಎದ್ದಿತೋ, ಆ ಗಿಡದ ಕಥೆ ಮುಗಿಯಿತು. ಅಪ್ಪ ನೆಟ್ಟಿದ್ದು, ಅಜ್ಜ ನೆಟ್ಟಿದ್ದು ಅಂತ ಅಯ್ಯೋ ಪಾಪ ಅನ್ನುವ ಹಾಗಿಲ್ಲ. ಹುಳ ಹೊರಗೆ ಹಾರುವ ಮೊದಲು ಬೇರುಸಹಿತ ಕಿತ್ತು ಸುಡಬೇಕು. ಒಂದು ಗಿಡಕ್ಕೆ ಕರುಣೆ ತೋರಿಸಿದರೆ ತೋಟವೇ ಹೋಗುತ್ತದೆ. ಚಿಕ್ಕಂದಿನಿಂದ ಕಲಿತದ್ದು ಇದನ್ನೇ.

ಕೈ ತಾನಾಗಿಯೇ ಹೋಯಿತು. ಅಳಿಸು ಅಂತ ಒತ್ತಿದೆ. ‘ಖಂಡಿತವೇ?’ ಅಂತ ಕೇಳಿತು. ಖಂಡಿತ ಅಂದೆ.

ಮಧ್ಯಾಹ್ನ ಜಯಂತಿ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದು ಕೂತಳು.

‘ರೀ, ಎಲ್ಲಿ ದೊಡ್ಡಮ್ಮ?’

ಹೇಳಿದೆ. ಬೋರರ್ ಉದಾಹರಣೆಯನ್ನೂ ಕೊಟ್ಟೆ. ಜಯಂತಿ ನನ್ನ ಮುಖವನ್ನೇ ನೋಡಿದಳು.

‘ಹುಳ ಬಿದ್ದಿರಾದು ಕಂಪ್ಯೂಟ್ರಿಗಲ್ಲ ಕಣ್ರೀ, ನಿಮ್ ತಲೆಗೆ.’

ಅಷ್ಟೇ ಅಂದಿದ್ದು. ಒಳಗೆ ಹೋಗಿ ಅಡುಗೆಮನೆಯ ನೆಲದ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತಳು. ದೊಡ್ಡಮ್ಮ ತೀರಿಕೊಂಡ ದಿನವೂ ಅವಳು ಹಾಗೆ ಅತ್ತಿರಲಿಲ್ಲ. ಅವತ್ತು ಸಮಾಧಾನ ಮಾಡಲು ನಾನಿದ್ದೆ. ಇವತ್ತು ಯಾವ ಮುಖ ಹೊತ್ತುಕೊಂಡು ಹತ್ತಿರ ಹೋಗಲಿ?

ಸುದ್ದಿ ತಿಳಿದು ಮಂಜಣ್ಣ ಬಂದ. ‘ರೋಗ ಬಂದಿದ್ದ ಡಬ್ಬಿ, ಫಾರ್ಮ್ಯಾಟ್ ಹೊಡ್ಸ್ಬುಡು ಮಾರಾಯ. ಎಲ್ಲಾ ಕ್ಲೀನಾಯ್ತದೆ’ ಅಂದ. ನಾನು ತಲೆಯಾಡಿಸುತ್ತಿದ್ದೆ. ಜಯಂತಿ ಒಳಗಿಂದ ಎದ್ದು ಬಂದಳು.

‘ಗಿಡ ಕಿತ್ತಾಯ್ತು, ಇನ್ನು ತೋಟಾನೂ ಸುಡ್ತೀರಾ? ಮುಟ್ಬ್ಯಾಡಿ ಅದ್ನ!’

ಲ್ಯಾಪ್‌ಟಾಪನ್ನು ಟವಲಿನಲ್ಲಿ ಸುತ್ತಿ, ಎದೆಗವಚಿಕೊಂಡು ಸಕಲೇಶಪುರದ ಬಸ್ಸು ಹತ್ತಿದಳು. ನಾನು ಹಿಂದಿನ ಸೀಟಿನಲ್ಲಿ ಕೂತೆ.

ಸಲೀಂ ‘ಇಲ್ಲೇ ಬಿಟ್ಟೋಗಿ ಅಕ್ಕಾ, ನಾಳೆ ನೋಡಿ ಹೇಳ್ತೀನಿ’ ಅಂದ. ಬಿಟ್ಟು ಹೋಗುವುದೇ? ಒಳಗಿನ ಸಾಮಾನು ಬದಲಾಯಿಸಿದರೆ? ನಾನು ಬಾಯಿ ತೆರೆಯುವ ಮೊದಲೇ ಜಯಂತಿ ‘ಈಗ್ಲೇ ನೋಡಣ್ಣಾ, ನಾನ್ ಕಾಯ್ತೀನಿ’ ಅಂತ ಸ್ಟೂಲ್ ಎಳೆದುಕೊಂಡು ಕೂತುಬಿಟ್ಟಳು. ಅವಳ ಮುಖ ನೋಡಿ ಸಲೀಂ ಕೈಯಲ್ಲಿದ್ದ ಕೆಲಸ ಬಿಟ್ಟ. ಏನೋ ಒತ್ತಿದ, ಯಾವುದೋ ಟಿಕ್ ತೆಗೆದ. ಮಸುಕಾಗಿ, ಮಂಜಿನಲ್ಲಿ ಕಂಡ ಹಾಗೆ, ‘ದೊಡ್ಡಮ್ಮ’ ಅಲ್ಲೇ ಇತ್ತು!

‘ಈ ವೈರಸ್ ಹಿಂಗೇ ಸಾರ್. ಅಸ್ಲಿ ಫೋಲ್ಡರ್‌ನ ಬಚ್ಚಿಟ್ಟು, ಅದ್ರ ಹೆಸ್ರಲ್ಲಿ ತಾನು ಕೂತ್ಕಂತೈತೆ. ನೀವು ಅಳ್ಸಿದ್ದು ಆ ಕಳ್ಳನ್ನ. ಇವ್ರು ಇಲ್ಲೇ ಅವ್ರೆ. ಫಾರ್ಮ್ಯಾಟ್ ಹೊಡ್ಸಿದ್ರೆ ಮಾತ್ರ ಹೋಗ್ಬುಡೋರು.’

ಜಯಂತಿ ಸ್ಟೂಲನ್ನು ಮುಂದಕ್ಕೆಳೆದುಕೊಂಡು ಅದನ್ನು ತೆರೆದಳು. ಒಂದನ್ನು ಒತ್ತಿದಳು. ಸ್ಪೀಕರಿನಿಂದ ಬಿಸಿಲೆಯ ಮುದುಕಿ ಅಂಗಡಿಗೆ ಅಂಗಡಿಯೇ ಬೆಚ್ಚುವಂತೆ ಕೂಗಿದಳು: ‘ಲೇ ಜಯಂತೀ, ಆ ಕೋಳಿ ಜಗ್ಲಿ ಹತ್ತೈತೆ, ಓಡ್ಸೇ! ನಿನ್ ಗಂಡ ಎಲ್ಲೇ? ಅವ್ನು ಯಾರ್ನೂ ನಂಬಲ್ಲ ಕಣೇ, ಹೊಳೆ ನೀರ್ನೂ ಮೂಸಿ ಕುಡೀತಾನೆ!’

ಅಂಗಡಿಯಲ್ಲಿದ್ದವರೆಲ್ಲ ಗೊಳ್ಳೆಂದು ನಕ್ಕರು. ಜಯಂತಿ ನಗುತ್ತಲೂ ಇದ್ದಳು, ಅಳುತ್ತಲೂ ಇದ್ದಳು. ಬೈಸಿಕೊಂಡ ನನಗೆ ಹೋದ ಜೀವ ಬಂದ ಹಾಗಾಗಿತ್ತು.

ಆಮೇಲೆ ಸಲೀಂ ಕೇಳಿದ, ‘ಇದು ಬಂದಿದ್ದೆಲ್ಲಿಂದ ಸಾರ್?’ ಜಯಂತಿಯೊಬ್ಬಳನ್ನು ಬಿಟ್ಟರೆ ಮನೆಯಲ್ಲಿ ನಾನು ಯಾರನ್ನೂ ಲ್ಯಾಪ್‌ಟಾಪಿನ ಹತ್ತಿರ ಬಿಟ್ಟವನಲ್ಲ. ನೆಂಟರು ತಂದ ಸಿನಿಮಾ ಸಿ.ಡಿ.ಗಳನ್ನು ಬಾಗಿಲಲ್ಲೇ ತಡೆದಿದ್ದೇನೆ. ಭಾವಮೈದುನನ ಮೆಮೊರಿ ಕಾರ್ಡನ್ನು ಮುಟ್ಟಿಸಿಕೊಂಡಿಲ್ಲ. (ಅವನು ಇನ್ನೂ ಮಾತು ಬಿಟ್ಟಿದ್ದಾನೆ.) ಜಂಬದಿಂದ ಇದನ್ನೆಲ್ಲ ಹೇಳುತ್ತಿರುವಾಗ ಸಲೀಂ ನನ್ನ ಜೇಬಿನಿಂದ ಇಣುಕುತ್ತಿದ್ದ ಪೆನ್‌ಡ್ರೈವಿಗೆ ಕೈ ಚಾಚಿದ. ಚುಚ್ಚಿ ನೋಡಿದರೆ ಅದರ ತುಂಬಾ ಅದೇ ಹುಳ. ವಾರ ವಾರ ಊರವರೆಲ್ಲ ಬಳಸುವ ಸೈಬರ್ ಸೆಂಟರಿಗೆ ಹೋಗಿ, ಮೈಗೆಲ್ಲ ಮೆತ್ತಿಸಿಕೊಂಡು, ನೇರ ನಡುಮನೆಗೆ ಬರುತ್ತಿದ್ದದ್ದು ಅದೊಂದೇ. ಅದರ ಮೇಲೆ ಮಾತ್ರ ನನಗೆ ಅನುಮಾನ ಬಂದಿರಲಿಲ್ಲ. ನನ್ನದಲ್ಲವೇ!

ಹಳದಿ ಪೆಟ್ಟಿಗೆಯನ್ನು ಜಯಂತಿಯೇ ಕೊಂಡಳು. ನನ್ನನ್ನು ಕೇಳಲಿಲ್ಲ. ವರ್ಷಕ್ಕೊಮ್ಮೆ ಯಾಕೆ ಹಾಕಬೇಕು ಅನ್ನುವ ನನ್ನ ಅನುಮಾನ ಇನ್ನೂ ಹಾಗೇ ಇದೆ, ಆದರೆ ಬಾಯಿ ಮುಚ್ಚಿಕೊಂಡಿದ್ದೇನೆ. ದೊಡ್ಡಮ್ಮನನ್ನು ಸಲೀಂನ ಕೈಯಲ್ಲೇ ಒಂದು ಸಿ.ಡಿ.ಗೂ ಹಾಕಿಸಿಕೊಂಡಳು. ಮನೆಗೆ ಬಂದವಳೇ ಅದನ್ನು ಹಳೆಯ ರೇಷ್ಮೆ ಬಟ್ಟೆಯಲ್ಲಿ ಸುತ್ತಿ ಎಲ್ಲೋ ಇಟ್ಟಳು.

‘ಎಲ್ಲಿಟ್ಟಿದ್ದೀಯ?’ ಅಂತ ಕೇಳಿದೆ.

‘ಇಟ್ಟಿದ್ದೀನಿ ಬಿಡಿ. ನಿಮ್ಮ ಕೈಗೆ ಸಿಗ್ದಂಗೆ ಇಟ್ಟಿದ್ದೀನಿ’ ಅಂದಳು.

ಬಂಗಾರದ ಸರ ಎಲ್ಲಿದೆ ಅಂತ ನನಗೆ ಗೊತ್ತು, ಬೀರುವಿನ ಕೀಲಿ ಎಲ್ಲಿದೆ ಅಂತ ಗೊತ್ತು. ಹೆಂಡತಿ ನನ್ನಿಂದ ಬಚ್ಚಿಟ್ಟಿರುವುದು ಅದೊಂದನ್ನೇ ಅಂದಮೇಲೆ, ನಮ್ಮ ಮನೆಯಲ್ಲಿ ವೈರಸ್ ಯಾರು ಸ್ವಾಮೀ?