ಚಿಕ್ಕತಾಯವ್ವನ ದನಿಗೆ ನಾನು ಹಾಕಿದ ಬೀಗ

ಸರ್ವರ್ ಇಲ್ಲ ಎಂದು ನಾನು ನಿಮಗೆ ಹೇಳಿದ್ದು ಸುಳ್ಳು, ಚಿಕ್ಕತಾಯವ್ವ. ಒಂದು ಸಲವಲ್ಲ, ನಾಲ್ಕು ಸಲ ಹೇಳಿದೆ. ನಾಲ್ಕು ಸಲವೂ ನಿಮ್ಮ ಹಾಡುಗಳು ನನ್ನ ಮೇಜಿನ ಡ್ರಾಯರಿನಲ್ಲೇ ಇದ್ದವು — ನೀವು ಕುಳಿತಿದ್ದ ಸ್ಟೂಲಿಗೂ ಆ ಡ್ರಾಯರಿಗೂ ಒಂದು ಮೊಳ ದೂರವಿದ್ದೀತು. ಕೈ ಚಾಚಿದ್ದರೆ ಕೊಡಬಹುದಿತ್ತು. ಕೊಡಲಿಲ್ಲ.

ನಿಮಗೆ ಓದು ಬರುವುದಿಲ್ಲ. ಇದನ್ನು ನಿಮ್ಮ ಮೊಮ್ಮಗಳು ಕಾವ್ಯ ಓದಿ ಹೇಳಬೇಕು. ಕಾವ್ಯ, ಯಾವ ಸಾಲನ್ನೂ ನುಂಗಬೇಡ ಕಣಮ್ಮ. ಅಜ್ಜಿಗೆ ನೋವಾಗುತ್ತದೆ ಎಂದು ಮೆತ್ತಗೆ ಮಾಡಿ ಓದಬೇಡ. ಮೆತ್ತಗೆ ಮಾಡಿ ಮಾಡಿಯೇ ನಾನು ಈ ಗತಿಗೆ ಬಂದದ್ದು.

ಮೊದಲಿನಿಂದ ಹೇಳಿಬಿಡುತ್ತೇನೆ. ಹುಣಸೂರಿನಲ್ಲಿ ಗೊಬ್ಬರದಂಗಡಿಯ ಮಹಡಿಯ ಮೇಲೆ ನನ್ನ ರೆಕಾರ್ಡಿಂಗ್ ರೂಮು. ಏಳು ವರ್ಷದ ಹಿಂದೆ ಗಾವಡಗೆರೆ ಕಡೆಯಿಂದ ನೀವು ಐದು ಜನ ಹೆಂಗಸರು ಮೆಟ್ಟಿಲು ಹತ್ತಿ ಬಂದಿರಿ. ಮದುವೆ ಮನೆಗೆ ಸೋಬಾನೆ ಹಾಡಲು ಕರೆಯುವವರು ಕಮ್ಮಿಯಾದರು, ನಾವು ಹೋದರೆ ಹಾಡೂ ಹೋಗುತ್ತದೆ, ಹಿಡಿದಿಡು ಎಂದಿರಿ. ಹೊಗೆಸೊಪ್ಪು ಕಟ್ಟುವ ಕೆಲಸದ ನಡುವೆ ಬಂದಿದ್ದಿರಿ. ಬೆರಳಿಗೆಲ್ಲ ಸೊಪ್ಪಿನ ಕಪ್ಪು ಅಂಟು. ಮೈಕಿಗೆ ಮೆತ್ತಿಕೊಂಡೀತೆಂದು ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಂಡು ಹಾಡಿದಿರಿ. ನೀವು ಸಾಲು ಎತ್ತಿಕೊಡುವುದು, ಉಳಿದ ನಾಲ್ವರು ಹಿಡಿದುಕೊಳ್ಳುವುದು. ಸಾಲಿನ ಕೊನೆಯಲ್ಲಿ ದನಿಯನ್ನು ಎಳೆದು, ಇನ್ನೇನು ಮುಗಿಯಿತು ಅನ್ನುವಾಗ ಮತ್ತೆ ಮೇಲಕ್ಕೆತ್ತುವುದು — ಅದು ನಿಮಗೊಬ್ಬರಿಗೇ ಬರುತ್ತಿತ್ತು. ಹೆಡ್‌ಫೋನ್ ಹಾಕಿಕೊಂಡು ಕೇಳುತ್ತಿದ್ದ ನನಗೆ ಮೈ ಜುಮ್ಮೆಂದಿತ್ತು.

ಹೊರಡುವಾಗ ಒಂದೇ ಒಂದು ಕೇಳಿದಿರಿ. "ಅದ್ರಲ್ಲಿ ನನ್ ಎಸ್ರು ಒಂದ್ ಸೇರ್ಸ್ಬುಡು ಕಣ್ಮಗ, ಸಾಕು."

ಹದ ಮಾಡಿ ಪೆನ್‌ಡ್ರೈವಿಗೆ ಹಾಕಿಕೊಡುತ್ತೇನೆ ಎಂದೆ. ಇವತ್ತು, ನಾಳೆ ಎಂದು ತಳ್ಳಿದೆ. ನೀವೂ ಒತ್ತಾಯ ಮಾಡಲಿಲ್ಲ — ಗಂಟಲು ಗಟ್ಟಿಯಾಗಿತ್ತು, ಬೇಕೆಂದಾಗ ಹಾಡುತ್ತಿದ್ದಿರಿ, ಪೆಟ್ಟಿಗೆಯೊಳಗಿನದ್ದು ನಿಮಗೇನು ಅರ್ಜೆಂಟು?

ಆ ದಿನಗಳಲ್ಲಿ ನನಗಿದ್ದದ್ದು ಒಂದೇ ಸಿಟ್ಟು. ಹಾಡು ಜೋಡಿಸುವ ಸಾಫ್ಟ್‌ವೇರ್, ಅದರ ಜೊತೆಗಿನ ಮೈಕ್ ಸಿಕ್ಕಿಸುವ ಪೆಟ್ಟಿಗೆ, ಎರಡನ್ನೂ ಪೂರ್ತಿ ಕಾಸು ಕೊಟ್ಟು ತಂದಿದ್ದೆ. ಆದರೂ ಅದು ಆಗಾಗ ಇಂಟರ್ನೆಟ್ಟಿನಲ್ಲಿ ಕಂಪನಿಯನ್ನು ವಿಚಾರಿಸುತ್ತಿತ್ತು — ಇವನು ಲೈಸೆನ್ಸ್ ಇರುವವನು ಹೌದೇ ಎಂದು. ಅತ್ತಲಿಂದ ಹೌದು ಎಂದು ಬಂದರೆ ಸರಿ. ಬರದಿದ್ದರೆ ನಾನೇ ಮಾಡಿದ ಹಾಡು ನನಗೇ ತೆರೆಯದು. ಒಮ್ಮೆ ನೆಟ್ ಕೈಕೊಟ್ಟು ಎರಡು ದಿನ ಪೆಟ್ಟಿಗೆ ಮೂಕವಾಗಿ ಕುಳಿತಿತ್ತು. ಟೀ ಅಂಗಡಿಯಲ್ಲಿ ಸಿಕ್ಕಿದವರ ಮುಂದೆಲ್ಲ ಕೂಗಾಡಿದೆ — "ಕಾಸ್ ಕೊಟ್ ತಂದ ಎಮ್ಮೇಲಿ ಆಲ್ ಕರ್ಯಕೆ ಮಾರ್ದೋನ್ನ ದಿನಾ ಕೇಳ್ಬೇಕೇನ್ರಪ್ಪ?" ಎಲ್ಲರೂ ನಕ್ಕರು, ಎಲ್ಲರೂ ಹೌದು ಹೌದೆಂದರು. ನ್ಯಾಯ ನನ್ನ ಕಡೆಗಿತ್ತು.

ಅದೇ ವರ್ಷ ನಾನು ಮಾಡಿದ್ದೇನು ಗೊತ್ತೇ?

ಹೊರದೇಶದ ಒಂದು ಕಂಪನಿ ಹಳ್ಳಿಯ ಹೆಂಗಸರ ದನಿ ಬೇಕೆಂದು ಇಂಟರ್ನೆಟ್ಟಿನಲ್ಲಿ ಕೇಳಿತ್ತು. ನಿಮ್ಮ ಹಾಡುಗಳನ್ನು ತುಂಡು ತುಂಡು ಮಾಡಿದೆ. ಕೀಬೋರ್ಡಿನ ಒಂದು ಕೀ ಒತ್ತಿದರೆ ನಿಮ್ಮ ದನಿಯ ಒಂದು ತುಂಡು ಬರುವ ಹಾಗೆ ಜೋಡಿಸಿದೆ. ಸಾಲಿನ ಕೊನೆಯ ಆ ಎಳೆತವನ್ನೂ ಬಿಡಲಿಲ್ಲ, ಅದಕ್ಕೊಂದು ಬೇರೆ ಕೀ. ಕಳಿಸುವ ಮುಂಚೆ ಪರದೆಯ ಮೇಲೆ ಪ್ರಶ್ನೆ ಬಂತು: ಈ ದನಿಯ ಹಕ್ಕು ನಿಮ್ಮದೇ? ಹಾಡಿದವರ ಒಪ್ಪಿಗೆ ಪತ್ರ ಇದೆಯೇ? ಎದುರಿಗೆ ಒಂದು ಪುಟ್ಟ ಚೌಕ. ಟಿಕ್ ಹಾಕಿದೆ. ಹಾಕುವಾಗ ನಿಮ್ಮ ಮುಖ ನೆನಪಾಗಲಿಲ್ಲವೇ ಎಂದರೆ — ಆಯಿತು. ನೆನಪಾದ ಮೇಲೂ ಹಾಕಿದೆ.

ಹಣ ಬಂತು, ಇಲ್ಲವೆನ್ನುವುದಿಲ್ಲ. ಆದರೆ ನಾನು ಹಿಗ್ಗಿದ್ದು ಹೆಸರಿಗೆ. ದನಿಯ ಒಡೆಯ ಎಂದು ಅಲ್ಲಿ ನನ್ನ ಹೆಸರಿತ್ತು. ನಿಮ್ಮದು ಎಲ್ಲೂ ಇಲ್ಲ. ಕೊಂಡವರು ತೆರೆದಾಗ ಅದೂ ಲೈಸೆನ್ಸ್ ಕೇಳುತ್ತದೆ, ಅವ್ವ. ದಿನಾ ಬೈಯುತ್ತಿದ್ದ ಬೀಗವನ್ನೇ ತಂದು ನಿಮ್ಮ ದನಿಗೆ ಹಾಕಿಸಿದೆ. ಮೂಲ ರೆಕಾರ್ಡಿಂಗನ್ನು ಇನ್ನಾರಿಗೂ ಕೊಡುವುದಿಲ್ಲ ಎಂದು ಬೇರೆ ಒಪ್ಪಿಕೊಂಡಿದ್ದೆ.

ಆಮೇಲೆ ನಿಮಗೆ ಗಂಟಲಲ್ಲಿ ಗಡ್ಡೆಯಾಯಿತು. ಆಪರೇಷನ್ ಆಯಿತು. ಜೀವ ಉಳಿಯಿತು, ದನಿ ಉಳಿಯಲಿಲ್ಲ. ಕಾವ್ಯಳ ಮದುವೆಗೆ ತಿಂಗಳಿದೆ ಎನ್ನುವಾಗ ಬಂದು ಸ್ಟೂಲಿನ ಮೇಲೆ ಕುಳಿತು ಪಿಸುಗುಟ್ಟಿದಿರಿ. ಫ್ಯಾನು ಆರಿಸಿದ ಮೇಲೆ ನನಗೆ ಕೇಳಿಸಿತು. "ದಾರೆ ಎರ್ಯೊತ್ಗೆ ನಾನೇ ಎತ್ಕೊಡ್ಬೇಕಿತ್ತು. ಇಂಗಾಗೋಯ್ತಲ್ಲ. ಅವತ್ ಆಡಿದ್ನಲ್ಲ ಮಗ, ಅದ ಕೊಡು, ಆಕ್ಸ್ತೀನಿ."

ಛತ್ರದಲ್ಲಿ ಎಲ್ಲರ ಕೈಯಲ್ಲೂ ಮೊಬೈಲು. ಯಾರಾದರೂ ಇಡೀ ಹಾಡನ್ನು ಹಿಡಿದು ಇಂಟರ್ನೆಟ್ಟಿಗೆ ಹಾಕಿದರೆ? ಕಂಪನಿಯವರು ಒಪ್ಪಿಗೆ ಪತ್ರ ತೋರಿಸು ಎಂದರೆ? ಆಗಲೇ ನಿಮ್ಮನ್ನು ಕೇಳಿ ಪತ್ರ ಮಾಡಿಸಿಕೊಳ್ಳಬಹುದಿತ್ತು. ಆದರೆ ಕೇಳಿದರೆ, ಯಾಕೆ ಎಂದು ಹೇಳಬೇಕಿತ್ತು.

"ಲೈಸೆನ್ಸ್ ಮುಗ್ದೋಗದೆ ಕಣವ್ವ" ಎಂದೆ. "ತೆಗ್ಯಕೋದ್ರೆ ಇಂಟರ್ನೆಟ್ಟಲ್ಲಿ ಕೇಳ್ತದೆ, ಆ ಕಡೆ ಸರ್ವರ್ ಇಲ್ಲ. ಆಡು ಒಳಗೇ ಅವೆ."

ಲೈಸೆನ್ಸ್ ನಿಮಗೆ ಅರ್ಥವಾಗಲಿಲ್ಲ. ಸರ್ವರ್ ಎಂದದ್ದು ಚೆನ್ನಾಗಿ ಅರ್ಥವಾಯಿತು. "ಸೊಸೈಟೀಲೂ ಅಂಗೇ ಕಣ್ಮಗ, ಅಕ್ಕಿಗೆ ಎಬ್ಬೆಟ್ ಒತ್ತುದ್ರೆ ಸರ್ವರ್ ಇಲ್ಲ ಅಂತಾರೆ. ಇನ್ನೊಂದಿನ ಬತ್ತೀನಿ ಬುಡು." ಸರ್ವರ್ ಇಲ್ಲ ಎಂದರೆ ನಮ್ಮ ಸೀಮೆಯಲ್ಲಿ ಯಾರೂ ಜಗಳವಾಡುವುದಿಲ್ಲ. ಖಾಲಿ ಚೀಲ ಮಡಚಿಕೊಂಡು ಮತ್ತೆ ಬರುತ್ತಾರೆ. ಅದು ಗೊತ್ತಿದ್ದೇ ಆ ಮಾತನ್ನು ಆರಿಸಿಕೊಂಡೆ.

ನೀವು ಮತ್ತೆ ಬಂದಿರಿ. ಇನ್ನೊಮ್ಮೆ ಬಂದಿರಿ. ನಾಲ್ಕನೆಯ ಸಲ ಬಂದಾಗ ಮದುವೆಗೆ ಐದು ದಿನ. ನಾನು ಸುಮ್ಮನೆ ಮೌಸ್ ಆಡಿಸಿ, ಇವತ್ತೂ ಸರ್ವರ್ ಇಲ್ಲ ಎಂದೆ. ನೀವು ಬಲಗೈ ಹೆಬ್ಬೆರಳನ್ನು ಸೀರೆಗೆ ತಿಕ್ಕಿ ತಿಕ್ಕಿ ಒರೆಸಿಕೊಂಡು ಕಂಪ್ಯೂಟರಿನ ಮುಂದೆ ಚಾಚಿದಿರಿ.

"ನನ್ ಎಬ್ಬೆಟ್ ಒತ್ಸ್ಕೊ ಮಗ. ಆಡ್ದೋಳು ನಾನೇ ಅಂತ ಗೊತ್ತಾದ್ರೆ ಬುಡ್ತದೇನೋ."

ಇದಕ್ಕೆ ಬೆರಳು ನಡೆಯುವುದಿಲ್ಲ ಎಂದೆ. ನೀವು ಬೆರಳನ್ನು ತಿರುಗಿಸಿ ನೋಡಿಕೊಂಡಿರಿ. "ಸೊಪ್ಪಿನ್ ಅಂಟು. ಸೊಸೈಟೀಲೂ ಒಂದೊಂದ್ ಸಲ ತಕ್ಕಳಾಕಿಲ್ಲ" ಎಂದು ತಪ್ಪನ್ನು ನಿಮ್ಮ ಬೆರಳ ಮೇಲೇ ಹಾಕಿಕೊಂಡು ಎದ್ದು ಹೋದಿರಿ. ಥೂ, ನನ್ನ ಜನ್ಮಕ್ಕಿಷ್ಟು. ಮೆಟ್ಟಿಲಿಳಿಯುವ ಸದ್ದು ನಿಲ್ಲುವವರೆಗೂ ಕುರ್ಚಿಯಿಂದ ಏಳಲಿಲ್ಲ, ಕೂಗಿ ಕರೆಯಲೂ ಇಲ್ಲ.

ಮದುವೆಗೆ ಮೈಕ್ ಸೆಟ್ ನನ್ನದೇ. ಬೇರೆ ಯಾರನ್ನು ಹೇಳುತ್ತೀರಿ ನೀವು, ನಂಬಿದ್ದಿರಲ್ಲ. ಧಾರೆಯ ಹೊತ್ತಿಗೆ ನಿಮ್ಮ ಜೊತೆಯ ನಾಲ್ವರೂ ಮಂಟಪದ ಪಕ್ಕಕ್ಕೆ ಬಂದು ನಿಂತರು. ನೀವು ಬಾಯಿ ತೆರೆದಿರಿ. ಬರೀ ಉಸಿರು ಬಂತು. ಅವರು ನಿಮ್ಮ ತುಟಿಯನ್ನೇ ನೋಡುತ್ತಿದ್ದರು — ಎತ್ತಿಕೊಡುವವರಿಲ್ಲದೆ ಹಿಡಿದುಕೊಳ್ಳುವುದು ಏನನ್ನು? ಒಬ್ಬಾಕೆ ಅರ್ಧ ಸಾಲು ಹಾಡಿ ಮುಂದಿನದು ತಪ್ಪಿ ನಿಲ್ಲಿಸಿದಳು. ನೀವು ಮತ್ತೊಮ್ಮೆ ಬಾಯಿ ತೆರೆದಿರಿ, ಕತ್ತಿನ ನರ ಉಬ್ಬಿತು. ಆಮೇಲೆ ಸೆರಗು ಬಾಯಿಗೆ ಅಡ್ಡ ಹಿಡಿದುಕೊಂಡಿರಿ. ಯಾರೋ ನನ್ನ ಕಡೆ ತಿರುಗಿ ಕೂಗಿದರು — "ಮಾದೇವಣ್ಣ, ಏನಾದ್ರೂ ಆಕಣ್ಣ!" ಎಲ್ಲ ಮದುವೆಗೂ ಹಾಕುವ ಅದೇ ವಾಲಗದ ರೆಕಾರ್ಡು ಹಾಕಿದೆ.

ಇದನ್ನು ಬರೆಯದೆ ಬಿಡಬಹುದಿತ್ತು, ಯಾರಿಗೂ ಗೊತ್ತಿಲ್ಲ. ಆ ದಿನ ಡ್ರಾಯರಿನ ಹಾರ್ಡ್ ಡಿಸ್ಕನ್ನು ಲ್ಯಾಪ್‌ಟಾಪಿಗೆ ಸಿಕ್ಕಿಸಿದ್ದೆ, ವಾಲಗವೂ ಇದ್ದದ್ದು ಅದರಲ್ಲೇ. ಅದರ ಕೆಳಗಿನ ಸಾಲಿನಲ್ಲಿ ನಿಮ್ಮ ಹಾಡುಗಳು. ಒಂದು ಸಾಲು ಕೆಳಗೆ ಒತ್ತಿದ್ದರೆ ನಿಮ್ಮ ದನಿ ಇಡೀ ಛತ್ರಕ್ಕೆ ಕೇಳಿಸುತ್ತಿತ್ತು, ಕಾವ್ಯ ತಲೆಯೆತ್ತಿ ಅಜ್ಜಿಯನ್ನು ನೋಡುತ್ತಿದ್ದಳು. ಬೆರಳು ಅಲ್ಲಿಗೆ ಹೋಗಿತ್ತು. ಮೇಲಿನದನ್ನು ಒತ್ತಿದೆ.

ಮೂರು ವರ್ಷ ಹೀಗೇ ಕಳೆಯಿತು. ಈಚೆಗೆ ಪಿರಿಯಾಪಟ್ಟಣದಲ್ಲಿ ಹಾಸಿಗೆ ಮಾರುವ ಆಟೋ ಒಂದು ಎದುರು ಬಂತು. ದರ ಕೂಗುವ ಪ್ರತಿ ಮಾತಿನ ಕೊನೆಗೂ — ನಿಮ್ಮ ಆ ಎಳೆತ. ಯಾರೋ ಎಲ್ಲೋ ಕೀ ಒತ್ತಿ ಮಾಡಿದ್ದು. ಮೊಮ್ಮಗಳ ಧಾರೆಗೆ ಸಿಗದ ದನಿ ಹಾಸಿಗೆ ಮಾರುತ್ತಿತ್ತು. ಆಟೋ ಮರೆಯಾಗುವವರೆಗೆ ಗಾಡಿ ನಿಲ್ಲಿಸಿಕೊಂಡು ನಿಂತೆ.

ಮಾರನೆಯ ದಿನವೇ ಹಾಡುಗಳನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ನಿಮ್ಮ ಮನೆಗೆ ಬಂದೆನಲ್ಲ, ಎಲ್ಲವನ್ನೂ ಹೇಳಿಬಿಡಲೆಂದೇ ಬಂದಿದ್ದೆ. ನೀವು ಅದನ್ನು ನೋಡಿದ್ದೇ ನನ್ನ ಎರಡೂ ಕೈ ಹಿಡಿದುಕೊಂಡಿರಿ.

"ಸರ್ವರ್ ಬಂತಾ ಮಗ?"

"ಊಂ ಕಣವ್ವ" ಎಂದೆ. "ಬಂತು."

ಅಕ್ಕಪಕ್ಕದ ಹೆಂಗಸರನ್ನು ಕೈಬೀಸಿ ಕರೆದಿರಿ. ಇಷ್ಟು ವರ್ಷ ಕಾದು ಕುಳಿತಿದ್ದು ತಂದವನೆ ನೋಡ್ರವ್ವ, ಎಂಥ ಮಗ ಎಂದು ಪಿಸುದನಿಯಲ್ಲೇ ಹೊಗಳಿದಿರಿ. ಕೇಳಿಸದವರಿಗೆ ಇನ್ನೊಬ್ಬರು ಗಟ್ಟಿಯಾಗಿ ಹೇಳಿದರು. ಮುದ್ದೆ, ಹುರುಳಿಸಾರು ಬಡಿಸಿದಿರಿ. ಕೂತು ಉಂಡೆ, ಅವ್ವ. ಎರಡನೆಯ ಸಲ ಬಡಿಸಿದಾಗಲೂ ಬೇಡವೆನ್ನಲಿಲ್ಲ.

ಚೌಕಕ್ಕೆ ಸುಳ್ಳು ಟಿಕ್ ಹಾಕಿದ್ದೇನೆಂದು ಕಂಪನಿಗೆ ಬರೆದಿದ್ದೇನೆ. ಮಾರಾಟ ನಿಲ್ಲಿಸಿದ್ದಾರೆ. ಆದರೆ ಈಗಾಗಲೇ ಕೊಂಡವರಿಂದ ವಾಪಸು ಪಡೆಯಲು ಬರುವುದಿಲ್ಲವಂತೆ, ಅವರ ಹತ್ತಿರ ಲೈಸೆನ್ಸ್ ಇದೆಯಂತೆ. ನನ್ನ ಮೇಲೆ ಕ್ರಮ ಕೈಗೊಳ್ಳುವ ಮಾತೂ ಇದೆ. ಕೈಗೊಳ್ಳಲಿ. ಹೋದ ದನಿಯನ್ನು ಊರೂರಿನಿಂದ ಹೆಕ್ಕಿ ತರಲು ನನ್ನಿಂದ ಆಗದು, ಇನ್ನು ಯಾರಿಂದಲೂ ಆಗದು.

ಭಾನುವಾರ ಕಾವ್ಯ ಭೇರ್ಯದ ಗಂಡನ ಮನೆಯಿಂದ ಬರುತ್ತಾಳೆಂದು ತಿಳಿಯಿತು. ಈ ಕಾಗದವನ್ನು ಪೋಸ್ಟಿಗೆ ಹಾಕುವುದಿಲ್ಲ. ನಾನೇ ತಂದು ಅವಳ ಕೈಗೆ ಕೊಡುತ್ತೇನೆ. ಅವತ್ತು ಕರೆದ ಹೆಂಗಸರನ್ನೆಲ್ಲ ಕರೆಸಿ, ಅವರ ಮುಂದೆಯೇ ಓದಿಸಿ. ಓದಿ ಮುಗಿದ ಮೇಲೆ ನೀವು ನನ್ನನ್ನು ಬೈಯಬೇಕು. ಕೂಗಿ ಬೈಯಲು ನಿಮಗೆ ದನಿಯಿಲ್ಲ — ಗೊತ್ತು. ಹತ್ತಿರ ಬಂದು ಕೂರುತ್ತೇನೆ ಅವ್ವ, ನೀವು ಅನ್ನುವ ಒಂದೊಂದು ಮಾತೂ ಕೇಳಿಸುವಷ್ಟು ಹತ್ತಿರ.