ರೇಡಿಯೋ ಮಾಮನ ಹೊಸ ದವಡೆ

ಕಟಿಂಗ್ ಶಾಪಿನ ಯಜಮಾನನನ್ನು ಆ ಬೀದಿಯಲ್ಲಿ ಎಲ್ಲರೂ ಕರೆಯುತ್ತಿದ್ದದ್ದು ರೇಡಿಯೋ ಮಾಮ ಎಂದೇ. ಗಿರಾಕಿಯ ಕುತ್ತಿಗೆಗೆ ಬಟ್ಟೆ ಕಟ್ಟಿದೊಡನೆ ಶುರುವಾದ ಮಾತು, ಪೌಡರ್ ಹಾಕಿ ಬ್ರಷ್ಷಿನಿಂದ ಕೂದಲು ಕೊಡವುವವರೆಗೂ ನಿಲ್ಲುತ್ತಿರಲಿಲ್ಲ. ಕತ್ತರಿ ಮೊಂಡಾದರೂ ಅಂಗಡಿ ನಡೆದೀತು, ನಾಲಿಗೆ ಮೊಂಡಾದರೆ ಬಾಗಿಲು ಹಾಕಬೇಕಾದೀತು ಎಂದು ಹೆಂಡತಿಯೇ ಅಣಕಿಸುತ್ತಿದ್ದಳು.

ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಅನ್ನುತ್ತಾರಲ್ಲ, ಈ ಪುಣ್ಯಾತ್ಮನ ಎದುರಿಗೆ ದಿನವಿಡೀ ಆಳೆತ್ತರದ ಕನ್ನಡಿಯೇ ಇತ್ತು. ಅದರಲ್ಲಿ ತನ್ನ ಎಡದವಡೆ ಕೊಂಚ ಊದಿದಂತೆ ಕಂಡಾಗ ಅವನು ಬೈದದ್ದು ಕನ್ನಡಿಯನ್ನು! ಹಳೇ ಗಾಜು, ಒಂದು ಪಕ್ಕ ಉಬ್ಬಿದೆ ಎಂದು ತೀರ್ಮಾನಿಸಿಬಿಟ್ಟ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಕೊನೆಗೆ ಹೊಸ ಕನ್ನಡಿಯನ್ನೇ ತಂದು ನೇತುಹಾಕಿದ. ಊತ ಅದರಲ್ಲೂ ಬಂದು ಕುಳಿತಿತ್ತು. ನೋವಿಲ್ಲದ್ದೇ ಅವನನ್ನು ಮೋಸಮಾಡಿತ್ತು.

ಆಮೇಲೆ ಹೋದ ಆಸ್ಪತ್ರೆಯಲ್ಲಿ ಊತದಿಂದ ಚೂರು ತೆಗೆದು ಪರೀಕ್ಷೆ ಮಾಡಿದರು. ಗಡ್ಡೆ ಕ್ಯಾನ್ಸರಿನದಲ್ಲ, ಆದರೆ ಮೂಳೆಯನ್ನು ಒಳಗೊಳಗೇ ತಿನ್ನುತ್ತಿದೆ, ಬರೀ ಕೆರೆದರೆ ಮತ್ತೆ ಬರುತ್ತದೆ ಎಂದರು ಡಾಕ್ಟರಮ್ಮ. ಎಡಗಡೆಯ ದವಡೆಯನ್ನು ಹಲ್ಲುಗಳ ಸಮೇತ ಕತ್ತರಿಸಿ, ಕಾಲಿನ ಸಣ್ಣ ಮೂಳೆಯನ್ನು ತಂದು ಅಲ್ಲಿ ಕೂರಿಸಬೇಕು. ಆ ಮೂಳೆ ಬಾಯಲ್ಲಿ ಜೀವ ಹಿಡಿದರೆ ಊಟ, ಮಾತು ಎಲ್ಲ ಉಂಟು. ಹಿಡಿಯದಿದ್ದರೆ ತೆಗೆಯಲೇಬೇಕು, ಆಗ ಮುಖ ಒಳಸರಿದು ಮಾತು ತೊದಲುತ್ತದೆ.

ಜೊತೆಗೆ ಬಂದಿದ್ದ ಹೆಂಡತಿ ಹೆದರಿ ಕೂತಲ್ಲೇ ದೇವರಿಗೆ ಹರಕೆ ಹೊತ್ತಳು. ರೇಡಿಯೋ ಮಾಮನಿಗೂ ಭಯವೇ, ಆದರೆ ಭಯಕ್ಕಿಂತ ಕುತೂಹಲ ಒಂದು ತೂಕ ಹೆಚ್ಚು. ಮೇಜಿನ ಮೇಲೆ, ಸ್ಕ್ಯಾನ್ ನೋಡಿ ಮಾಡಿಸಿದ ಅವನದೇ ದವಡೆಯ ಪ್ಲಾಸ್ಟಿಕ್ ಮಾದರಿ ಇತ್ತು. ಅದನ್ನೆತ್ತಿಕೊಂಡು, ಗಡ್ಡ ಹೆರೆಯುವ ಮುನ್ನ ಸವರುವಂತೆ ಹೆಬ್ಬೆರಳಿನಿಂದ ಸವರಿದ. ಊರವರ ದವಡೆಗಳನ್ನೆಲ್ಲ ಬಲ್ಲ ಕೈ ಅದು, ತನ್ನದರ ಒಳಗನ್ನು ಮುಟ್ಟಿದ್ದು ಈಗಲೇ. ನೆಟ್ಟಗಿರುವ ಕಾಲಿನ ಮೂಳೆ ಇಲ್ಲಿಗೆ ಹೇಗೆ ಬಾಗುತ್ತದೆ ಎಂದು ಕೇಳಿದ. ಕೊಯ್ದು, ತುಂಡುಗಳನ್ನು ಓರೆಯಾಗಿ ಜೋಡಿಸಿ, ಪ್ಲೇಟು ಸ್ಕ್ರೂ ಹಾಕುತ್ತೇವೆ ಎಂದರು. ದಿನವಿಡೀ ನಿಲ್ಲುವವನ ಕಾಲಿನ ಗತಿಯೇನು? ಭಾರ ಹೊರುವುದು ಪಕ್ಕದ ದೊಡ್ಡ ಮೂಳೆಯಂತೆ. ಕೊನೆಗೆ, ಅವನನ್ನು ನಿಜಕ್ಕೂ ಕೊರೆಯುತ್ತಿದ್ದ ಪ್ರಶ್ನೆ ಹೊರಬಂತು.

“ಇಷ್ಟು ವರ್ಷ ಕೂದಲು ಕತ್ತರಿಸಿದ್ದೀನಿ ಮೇಡಂ. ಕೆಳಗೆ ಬಿದ್ದಿದ್ದು ಒಂದಾದ್ರೂ ಮತ್ತೆ ಬೆಳೆದಿದ್ದು ನೋಡಿಲ್ಲ. ಕತ್ತರಿಸಿದ ಮೂಳೆ ಹೇಗೆ ಬದುಕುತ್ತೆ?”

“ರಕ್ತನಾಳದ ಸಮೇತ ತರ್ತೀವಿ, ಕುತ್ತಿಗೆಯ ರಕ್ತನಾಳಕ್ಕೆ ಹೊಲೀತೀವಿ. ಬಾಯೊಳಗೆ ಹೊದಿಸೋಕೆ ಕಾಲಿನ ಚರ್ಮಾನೂ ಜೊತೆಗೇ ಬರುತ್ತೆ,” ಎಂದರು ಡಾಕ್ಟರಮ್ಮ.

ಸಸಿಯನ್ನು ಬೇರುಮಣ್ಣಿನ ಸಮೇತ ಕಿತ್ತು ನೆಟ್ಟ ಹಾಗೆ ಎಂದುಕೊಂಡು ಅವನು ಒಪ್ಪಿದ.

ಆಪರೇಷನ್ ಹಗಲೆಲ್ಲ ನಡೆಯಿತು. ಎಚ್ಚರವಾದಾಗ ಮೂಗಲ್ಲೊಂದು, ಗಂಟಲಲ್ಲೊಂದು ನಳಿಕೆ, ರೇಡಿಯೋ ಬಂದ್. ನರ್ಸಮ್ಮ ಪದೇಪದೇ ಟಾರ್ಚ್ ಬಿಟ್ಟು ಬಾಯೊಳಗಿನ ಚರ್ಮದ ಬಣ್ಣ ನೋಡುತ್ತಿದ್ದಳು. ಡಾಕ್ಟರಮ್ಮ ಅಲ್ಲಿ ಸೂಜಿ ಚುಚ್ಚಿ, ಕೆಂಪು ರಕ್ತ ಜಿನುಗಿದರೆ ಜೀವ ಇದೆ ಎಂದು ತಲೆಯಾಡಿಸುತ್ತಿದ್ದರು. ಇವನು ಅವರಿಬ್ಬರ ಮುಖ ಓದುತ್ತ ಮಲಗಿರುತ್ತಿದ್ದ. ಕೊನೆಗೆ ಮನೆಗೆ ಬಂದ, ಕುಂಟುತ್ತ ಅಂಗಡಿಗೂ ಹೋದ. ಮಾತು ಮೊದಮೊದಲು ಗೊರಗುಟ್ಟಿ, ಆಮೇಲೆ ತಿಳಿಯಾಯಿತು.

ಕೆಲವು ತಿಂಗಳಾಗಿರಬೇಕು, ಒಂದು ಬೆಳಿಗ್ಗೆ ಹೊಸ ದವಡೆಯ ಮೇಲೆ ಏನೋ ನಾಲಿಗೆಗೆ ಚುಚ್ಚಿತು. ಗಡ್ಡೆ ಮತ್ತೆ ಬಂತೇ? ಮೂಳೆ ಸತ್ತು ಸಿಬಿರೆದ್ದಿತೇ? ಯಾರಿಗೂ ಹೇಳಲಿಲ್ಲ. ಗಿರಾಕಿಗಳ ಮುಂದೆ ತುಟಿ ಬಿಚ್ಚದೆ ಕತ್ತರಿ ಆಡಿಸಿದ. ಮನೆಯಲ್ಲೂ ಮಾತಿಲ್ಲದಿದ್ದಾಗ ಹೆಂಡತಿಗೆ ಅನುಮಾನ ಬಂತು. ಬಾಯಿಬಿಡಿಸಿ, ಕೈಹಿಡಿದು ಆಸ್ಪತ್ರೆಗೆ ಎಳೆದೊಯ್ದಳು.

ಡಾಕ್ಟರಮ್ಮ ದೀಪ ಹಿಡಿದು ಬಗ್ಗಿ ನೋಡಿದರು. ನೋಡುತ್ತಲೇ ನಕ್ಕರು.

“ಗಾಬರಿ ಆಗ್ಬೇಡಿ, ಇದು ಕೂದಲು. ಕಾಲಿನ ಚರ್ಮ ಅಲ್ವಾ, ಚೆನ್ನಾಗಿ ಬದುಕಿದೆ. ಅದಕ್ಕೇ ಬೆಳೆಸ್ತಿದೆ.”

ಹೆಂಡತಿ ಕಣ್ಣೊರೆಸಿಕೊಂಡಳು. ನಿಮಿಷದ ಕೆಲಸ, ಈಗಲೇ ತೆಗೆದುಬಿಡುತ್ತೇನೆ ಎಂದು ಡಾಕ್ಟರಮ್ಮ ಕತ್ತರಿ ಎತ್ತಿಕೊಂಡರು. ರೇಡಿಯೋ ಮಾಮ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡ.

“ಬೇಡ ಮೇಡಂ,” ಎಂದ ಬೆರಳ ಸಂದಿಯಿಂದ. “ಇನ್ನೊಂದಿಷ್ಟು ದಿನ ಬೆಳೀಲಿ.”