ಹೊಳೆಬದಿಯ ಕಲಾಯಿ ಸಾಬರು

ಹೋದ ವಾರ ಕೋಲಸಿರ್ಸಿಯ ನೆಂಟರ ಮನೆಗೆ ಹೋದಾಗ ಅಂಗಳದಲ್ಲಿ ಊರೂರು ತಿರುಗಿ ಪಾತ್ರೆಗೆ ತವರದ ಕಲಾಯಿ ಹಾಕುವವನೊಬ್ಬ ಕುಳಿತಿದ್ದ. ಕಾದ ಹಿತ್ತಾಳೆಗೆ ನವಸಾಗರ ಹಾಕಿದೊಡನೆ ಬಿಳಿ ಹೊಗೆ ಎದ್ದು ಮೂಗು ಉರಿಯಿತು, ಕಣ್ಣಲ್ಲಿ ನೀರು ಬಂತು. ಉಳಿದವರು ಕೆಮ್ಮುತ್ತ ಒಳಗೆ ಹೋದರು. ನಾನು ಅಲ್ಲೇ ನಿಂತೆ. ಎಷ್ಟೋ ವರ್ಷ ಆ ಹೊಗೆ ಕುಡಿದವಳು ನಾನು.

ಮದುವೆಯಾಗಿ ನಾನು ಬಂದದ್ದು ನಮ್ಮ ಪೇಟೆಯ ಹೊಳೆಬದಿ ಕೇರಿಗೆ. ಹೊಳೆ ಅಂದರೆ ದೊಡ್ಡದೇನಲ್ಲ. ಬೇಸಿಗೆಯಲ್ಲಿ ಮೊಣಕಾಲುಮಟ್ಟ ನೀರು. ಆದರೂ ಪೇಟೆ ಹುಟ್ಟಿದ್ದೇ ಅಲ್ಲಿ ಎಂದು ಕೇರಿಯವರ ವಾದ. ಶಿರಸಿ, ಯಲ್ಲಾಪುರದ ಕಡೆ ಹೊರಟ ಗಾಡಿಗಳು ಎತ್ತಿಗೆ ನೀರು ಕುಡಿಸಲು ಅಲ್ಲಿ ನಿಲ್ಲುತ್ತಿದ್ದವಂತೆ. ಎತ್ತು ನಿಂತಲ್ಲಿಗೆ ಲಾಳ ಕಟ್ಟುವವರು ಬಂದರು, ಗಾಡಿ ನಿಂತಲ್ಲಿಗೆ ಬಡಗಿಗಳು ಬಂದರು, ಅವರ ಬೆನ್ನಿಗೇ ಚಾದಂಗಡಿ. ನಾನು ಬರುವ ಹೊತ್ತಿಗೆ ಎತ್ತು ಹೋಗಿ ಲಾರಿ ಬಂದಿತ್ತು. ಡ್ರೈವರುಗಳು ಲಾರಿಯನ್ನು ಹೊಳೆಗೇ ಇಳಿಸಿ ತೊಳೆಯುತ್ತಿದ್ದರು. ಕೆಳಗಡೆ ಬಟ್ಟೆ ಒಗೆಯುವ ಹೆಂಗಸರಿಗೂ ಅವರಿಗೂ ದಿನ ಬೆಳಗಾದರೆ ಜಗಳ. ಮೇಲಿನ ಪೇಟೆಯವರು "ಹೊಳೆಬದಿ ಬಾಯಿ" ಎಂದು ನಮ್ಮನ್ನು ಆಡಿಕೊಳ್ಳುತ್ತಿದ್ದರು. ಸುಳ್ಳೇನಲ್ಲ, ನಮ್ಮ ಬಾಯಿ ಜೋರೇ ಇತ್ತು.

ನಮ್ಮ ಮನೆಯೆದುರು, ಹೊಳೆಯ ದಡದಲ್ಲೇ ತಗಡಿನ ಮಾಡಿನ ಕೆಳಗೆ ಕಲಾಯಿ ಸಾಬರ ಅಂಗಡಿ. ಅವರಿಗಿಂತ ಮೊದಲು ಅವರ ತಂದೆ ಅಲ್ಲೇ ಕೂರುತ್ತಿದ್ದರು. ಕಲಾಯಿಗೆ ನೀರೂ ಬೇಕು, ಮರಳೂ ಬೇಕು. ಸಾಬರು ದೊಡ್ಡ ಪಾತ್ರೆಯೊಳಗೆ ಬರಿಗಾಲಲ್ಲಿ ಇಳಿದು, ಮರಳು, ತೆಂಗಿನ ನಾರು ಹಾಕಿ, ಕಂಬ ಹಿಡಿದು ಸೊಂಟ ತಿರುಗಿಸುತ್ತ ತಿಕ್ಕುತ್ತಿದ್ದರು.

"ಎಂತ ಸಾಬ್ರೇ, ಕುಣಿತ ಜೋರು!" ಎಂದರೆ, "ಹೊಟ್ಟೆ ಕುಣಿಸ್ತದೆ ಅಮ್ಮಾ" ಎನ್ನುತ್ತಿದ್ದರು.

ಪಾತ್ರೆಗೆ ಹೆಸರು ಹೊಡೆಯುವುದೂ ಅವರದೇ ಕೆಲಸ. ಮದುವೆ, ಮುಂಜಿಗೆ ಹತ್ತು ಮನೆಯ ಪಾತ್ರೆ ಒಟ್ಟಾಗುತ್ತಿದ್ದ ಕಾಲ; ಹೆಸರಿಲ್ಲದಿದ್ದರೆ ಅದಲುಬದಲು ಖಂಡಿತ. ಅವರ ತಂದೆ ಪಾತ್ರೆಯ ಯಜಮಾನರ ಹೆಸರಿನ ಕೆಳಗೆ ಇನ್ನೊಂದು ಸಾಲನ್ನೂ ಚುಕ್ಕೆ ಚುಕ್ಕೆಯಾಗಿ ಹೊಡೆಯುತ್ತಿದ್ದರು: "ಹೊಳೆಬದಿ ಕಲಾಯಿ ಅಂಗಡಿ", ಪಕ್ಕದಲ್ಲಿ ಇಸವಿ. ನಮ್ಮ ಮಾವನವರ ದೊಡ್ಡ ತಪ್ಪಲೆಯ ಮೇಲೆ ಆ ಸಾಲು ಇತ್ತು...

ಮಾವ ಹೋದ ಮೇಲೆ ಮನೆ ಹಿಸ್ಸೆಯಾಯಿತು. ತಪ್ಪಲೆ ನಮ್ಮ ಯಜಮಾನರ ಅಣ್ಣನಿಗೆ, ಅಂದರೆ ಭಾವನಿಗೆ ಸೇರಬೇಕಿತ್ತು. ನನಗೆ ಅದರ ಮೇಲೆ ಆಸೆ. ಪಾಲು ಮಾಡುವ ದಿನ ಅಟ್ಟದಲ್ಲಿ ಗೋಣಿಯಡಿ ಮುಚ್ಚಿಟ್ಟು, ಯಾರ ಮದುವೆಯಲ್ಲೋ ಕಳೆದುಹೋಯಿತು ಎಂದುಬಿಟ್ಟೆ. ಗಲಾಟೆ ತಣ್ಣಗಾದ ಮೇಲೆ ಸಾಬರ ಬಳಿ ಒಯ್ದು, ಹಳೆಯ ಅಕ್ಷರವನ್ನೆಲ್ಲ ಬಡಿದು ಅಳಿಸಿ ನಮ್ಮ ಯಜಮಾನರ ಹೆಸರು ಹೊಡೆಯಲು ಹೇಳಿದೆ. ಅವರು ಅಕ್ಷರಗಳ ಮೇಲೆ ಹೆಬ್ಬೆರಳು ಆಡಿಸಿದರು.

"ಇದು ನಮ್ಮ ಅಬ್ಬಾ ಹೊಡೆದದ್ದು ಅಮ್ಮಾ. ಕೆಳಗಿನ ಸಾಲು ಒಂದು ಇರ್ಲಾ?"

"ಎಲ್ಲಾ ತೆಗೀರಿ ಸಾಬ್ರೇ. ನಮ್ಮನೆ ರಗಳೆ ನಿಮಗೆಂತಕ್ಕೆ?"

ಅವರು ಸುತ್ತಿಗೆ ಎತ್ತಿಕೊಂಡರು. ಬಡಿದರು.

ಎರಡು ವರ್ಷದ ನಂತರ ಹೊಳೆಗೆ ತಡೆಗೋಡೆ ಕಟ್ಟಿ, ದಡದಲ್ಲಿ ವಾಕಿಂಗ್ ದಾರಿ ಮಾಡುವ ಯೋಜನೆ ಬಂತು. ತಂದೆಯ ಕಾಲದಿಂದ ಅಲ್ಲಿದ್ದೇವೆಂದು ಗುರುತು ತೋರಿಸಿದವರಿಗೆ ಹೊಸ ಮಳಿಗೆ. ಉಳಿದವರು ಜಾಗ ಬಿಡಬೇಕು. ಸಾಬರ ಬಳಿ ಕಾಗದವಿರಲಿಲ್ಲ. ತಂದೆ ಅಂಗಡಿಯ ಹೆಸರು, ಇಸವಿ ಹೊಡೆದ ಪಾತ್ರೆ ಹುಡುಕಿಕೊಂಡು ಮನೆಮನೆ ತಿರುಗಿದರು. ಎಲ್ಲರೂ ಹಿತ್ತಾಳೆ ಕೊಟ್ಟು ಸ್ಟೀಲು ತಂದಾಗಿತ್ತು. ನಮ್ಮ ಮನೆಗೆ ಮಾತ್ರ ಅವರು ಬರಲಿಲ್ಲ.

ಶಾಲೆಯ ಹಾಲಿನಲ್ಲಿ ಸಭೆಯಾಯಿತು. ಅಧಿಕಾರಿ ಒಳ್ಳೆಯ ಮನುಷ್ಯ. "ಬಾಯಿಮಾತಿಗೆ ಎಲ್ಲರೂ ಹೂಂ ಅಂತೀರಿ. ಇಸವಿ ಇರೋ ಗುರುತು ಕಣ್ಣಾರೆ ನೋಡಿದವರು ಒಬ್ಬರು ಹೇಳಿದ್ರೆ ಸಾಕು, ಬರ್ಕೊಳ್ತೇನೆ" ಎಂದರು.

ನಾನು ಎದ್ದು ನಿಂತೆ. "ಒಂದು ತಪ್ಪಲೆ..." ಎಂದಿದ್ದೆ ಅಷ್ಟೇ. ಮುಂದಿನ ಸಾಲಿನಲ್ಲಿದ್ದ ಭಾವ ತಿರುಗಿದರು.

"ಯಾವ ತಪ್ಪಲೆನೇ ತಂಗಿ?"

ಸಾಬರೂ ನನ್ನನ್ನು ನೋಡಿದರು. ಇನ್ನೊಂದು ಮಾತು ಆಡಿದ್ದರೆ ಇಡೀ ಪೇಟೆಯ ಮುಂದೆ ನಾನು ಕಳ್ಳಿ.

"ಎಂತ ಇಲ್ಲೆ ಭಾವ" ಎಂದು ಕುಳಿತೆ.

ಅಂಗಡಿ ಉಳಿಸಿಕೊಳ್ಳಲು ಸಾಬರು ನನ್ನತ್ತ ಬೆರಳು ತೋರಿಸಿದ್ದರೆ ಸಾಕಿತ್ತು. ಅವರು ಅಧಿಕಾರಿಯ ಕಡೆ ತಿರುಗಿ, "ಗುರುತು ಇಲ್ಲ ಸಾರ್" ಎಂದರು.

ಆಮೇಲೆ ಇಸಳೂರಿನ ಮಗಳ ಮನೆಗೆ ಹೋದರು. ಅಲ್ಲೆಲ್ಲ ಹೊಸ ಮನೆಗಳು. ಕಲಾಯಿ ಯಾರಿಗೆ ಬೇಕು? ಒಮ್ಮೆ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಾಗ ಅವರೇ ಮೊದಲು "ಆರಾಮಾ ಅಮ್ಮಾ?" ಎಂದು ಕೇಳಿದರು. ಹೂಂ ಎಂದೆ. ಭಾವ ತೀರಿಕೊಂಡ ಮೇಲಾದರೂ ಹೋಗಿ ತಪ್ಪಾಯಿತು ಎನ್ನಬಹುದಿತ್ತು. ಇವತ್ತು ನಾಳೆ ಎನ್ನುತ್ತ ದಿನ ಕಳೆದೆ. ಹೋದ ವರ್ಷ ಸಾಬರೂ ಹೋದರು.

ಹೊಳೆಬದಿಯಲ್ಲಿ ಈಗ ಸಿಮೆಂಟು ಬೆಂಚುಗಳಿವೆ. ಸಕ್ಕರೆ ಕಾಯಿಲೆಗೆ ಡಾಕ್ಟರು ಹೇಳಿದ್ದಾರೆಂದು ನಾನೂ ಸಂಜೆ ಅಲ್ಲೇ ನಡೆಯುತ್ತೇನೆ. ಅಂಗಡಿ ಇದ್ದ ಜಾಗ ಬಂದಾಗ ಹೆಜ್ಜೆ ತಾನಾಗಿ ಬಿರುಸಾಗುತ್ತದೆ. ನಾಚಿಕೆಯಾಗುತ್ತದೆ, ಇನ್ನೇನು. "ಇಸವಿ ಸಮೇತ ನೋಡಿದ್ದೆ ಸಾರ್, ಅಳಿಸಲು ಹೇಳಿದವಳು ನಾನೇ." ಆ ದಿನ ಸಭೆಯಲ್ಲಿ ಆಡಬೇಕಿದ್ದ ಅರ್ಧ ನಿಮಿಷದ ಮಾತು ಅದು.